ಹೊಂಗೆ ಎಣ್ಣೆಯ ಡಬ್ಬಗಳು

"ಎಣ್ಣುಡ್ಗಿ ಗ್ರೀಸ್ ಮೆತ್ಕಂಡು ಏನ್ ಮಾಡಾಳು ಬುಡಿ ಮೇಡಂ. ಸೈನ್ ತಾನೆ ಬೇಕು? ಆಕ್ಕೊಡ್ತೀನಿ. ಮನೇಲಿರ್ಲಿ."

ಹೊಳೆನರಸೀಪುರದ ಬಸ್ ಸ್ಟ್ಯಾಂಡಿನ ಹಿಂದಿನ ಗ್ಯಾರೇಜಿನವನು ಹೀಗೆಂದಾಗ ನನಗೆ ಮೈಯೆಲ್ಲ ಉರಿಯಿತು. ಅವನು ಕೆಟ್ಟವನಲ್ಲ. ಸಹಾಯ ಮಾಡುತ್ತಿದ್ದೇನೆ ಎಂದೇ ನಂಬಿದ್ದ. ಆ ಕಾಲಕ್ಕೆ ನಮ್ಮ ಕಡೆ ಡಿಪ್ಲೊಮಾ ಹುಡುಗರ ತರಬೇತಿ ಎಂದರೆ ಹೆಚ್ಚಿನ ಪಾಲು ಹಾಗೆಯೇ ನಡೆಯುತ್ತಿತ್ತು. ಮಾವನ ಗ್ಯಾರೇಜು, ಚಿಕ್ಕಪ್ಪನ ವೆಲ್ಡಿಂಗ್ ಶಾಪು, ಕೊನೆಗೊಂದು ರುಜು. "ಸೈನ್ ನಾನೂ ಹಾಕಬಲ್ಲೆ ಕಣಪ್ಪ, ಕೆಲಸ ಕಲಿಸೋರು ಬೇಕಾಗಿತ್ತು" ಎಂದು ಹೇಳಿ ಹೊರಬಂದೆ. ನನ್ನ ಹಿಂದೆ ನಿಂತಿದ್ದ ಹುಡುಗಿಯೂ ಜೊತೆಗೇ ಹೊರಬಂದಳು. ಅಂದು ಅದು ಅವಳಿಗೆ ಇಲ್ಲ ಎಂದ ನಾಲ್ಕನೆಯದೋ ಐದನೆಯದೋ ಗ್ಯಾರೇಜು.

ನಾನು ಪಾಲಿಟೆಕ್ನಿಕ್ಕಿನಲ್ಲಿ ಕೆಮಿಸ್ಟ್ರಿ ಪಾಠ ಮಾಡುವವಳು. ಮೆಕ್ಯಾನಿಕಲ್ ಹುಡುಗರ ತರಬೇತಿಗೂ ನನಗೂ ಏನೇನೂ ಸಂಬಂಧವಿರಲಿಲ್ಲ. ಆದರೆ ಆ ಬೇಸಿಗೆಯಲ್ಲಿ ಜಾಗ ಸಿಗದೆ ಮೂವರು ಉಳಿದುಹೋದರು. "ಮೇಡಂ ಬಾಯಿ ಜೋರಿದೆ, ಅವರೇ ಎಲ್ಲಾದರೂ ಸೇರಿಸಲಿ" ಎಂದು ಸ್ಟಾಫ್ ರೂಮಿನಲ್ಲಿ ತೀರ್ಮಾನವಾಯಿತು. ಒಬ್ಬ ಅರಕಲಗೂಡು ಕಡೆಯ ಹೊಗೆಸೊಪ್ಪು ಬೆಳೆಯುವವರ ಮಗ, ಒಬ್ಬ ಚನ್ನರಾಯಪಟ್ಟಣದ ಕೊಬ್ಬರಿ ವ್ಯಾಪಾರಿಯ ಮಗ, ಇನ್ನೊಬ್ಬಳು ಈ ಹರದನಹಳ್ಳಿಯ ಹುಡುಗಿ. ಆ ವರ್ಷದ ಮೆಕ್ಯಾನಿಕಲ್ ತಂಡಕ್ಕೆಲ್ಲ ಇದ್ದವಳು ಇವಳೊಬ್ಬಳೇ.

ಹುಡುಗರಿಬ್ಬರಿಗೆ ಇವತ್ತಲ್ಲ ನಾಳೆ ಎಲ್ಲಾದರೂ ಜಾಗ ಸಿಗುತ್ತಿತ್ತು. ಹುಡುಗಿಯ ಕಥೆ ಬೇರೆ. ತರಬೇತಿ ಮುಗಿಸದಿದ್ದರೆ ಕೊನೆಯ ಪರೀಕ್ಷೆಗೆ ಕೂರುವಂತಿಲ್ಲ. ಪರೀಕ್ಷೆ ತಪ್ಪಿದರೆ ಒಂದು ವರ್ಷ ಮನೆ. ಒಂದು ವರ್ಷ ಮನೆಯಲ್ಲಿ ಕೂತರೆ ಅವಳು ಮತ್ತೆ ಕಾಲೇಜಿನ ಬಾಗಿಲು ನೋಡುವುದಿಲ್ಲ ಎಂಬುದು ಅವಳಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು. "ರುಜು ಹಾಕಿಸಿಕೊಂಡು ಬಿಡೋಣವೇನೆ?" ಎಂದು ದಾರಿಯಲ್ಲಿ ಸುಮ್ಮನೆ ಕೇಳಿ ನೋಡಿದೆ.

"ಬ್ಯಾಡ ಮೇಡಂ. ನಾಳೆ ಎಲ್ಲಾನ ಕೆಲ್ಸುಕ್ಕೋದ್ರೆ ಇಂಜಿನ್ ಬಿಚ್ಚು ಅಂತಾರೆ. ಸೈನ್ ತೋರ್ಸಕಾಯ್ತದಾ?" ಎಂದಳು.

ಆ ಮಾತು ನನಗೆ ಬಹಳ ಹಿಡಿಸಿತು. ಮರುದಿನವೇ ಹಾಸನಕ್ಕೆ ಹೋದೆ.

ಹಾಸನದ ಕೈಗಾರಿಕಾ ಪ್ರದೇಶದಲ್ಲಿ ಡೀಸೆಲ್ ಪಂಪು ಮತ್ತು ಇಂಜೆಕ್ಟರುಗಳನ್ನು ದುರಸ್ತಿ ಮಾಡುವ ಒಂದು ಕಾರ್ಖಾನೆ ಇತ್ತು. ಹೊಂಗೆ ಎಣ್ಣೆಯಿಂದ ಗಾಡಿ ಓಡಿಸುವ ಮಾತು ಆಗ ತಾನೇ ನಮ್ಮ ಜಿಲ್ಲೆಯಲ್ಲಿ ಎಲ್ಲರ ಬಾಯಲ್ಲಿ ಓಡಾಡುತ್ತಿತ್ತು. ಅಂಥ ಎಣ್ಣೆ ಕುಡಿದ ಇಂಜಿನ್ನನ್ನು ಪರೀಕ್ಷಿಸಲು ಇವರು ಹೊಸದೊಂದು ವಿಭಾಗ ತೆರೆದಿದ್ದಾರೆ, ಅದಕ್ಕೆ ಕಲಿಯುವ ಹುಡುಗರು ಬೇಕಂತೆ ಎಂದು ಯಾರೋ ಹೇಳಿದ್ದರು. ಅಲ್ಲಿನ ಮ್ಯಾನೇಜರು ಕನ್ನಡಕದ ಮೇಲಿಂದ ನನ್ನನ್ನು ನೋಡಿದರು.

"ಹುಡುಗರಾದ್ರೆ ಇಬ್ಬರನ್ನ ಕಳ್ಸಿ ಮೇಡಂ."

"ಮೂವರು. ಒಬ್ಬಳು ಹುಡುಗಿ."

ಅವರು ನಕ್ಕು ಬೀರು ತೆರೆದು ತೋರಿಸಿದರು. ಒಳಗೆ ಸಾಲಾಗಿ ಬಾಟಲಿಗಳು. "ಇದೆಲ್ಲ ಹೊಂಗೆ ಎಣ್ಣೆ. ಎಲ್ಲಾ ಕಾಲೇಜಿನೋರೂ ಒಂದೊಂದು ಬಾಟ್ಲಿ ತಂದ್ಕೊಟ್ಟು ಫೋಟೋ ಹೊಡಿಸ್ಕೊಂಡು ಹೋಗ್ತಾರೆ. ನನಗೆ ಬಾಟ್ಲಿ ಬೇಡ, ಗಾಡಿ ತೋರ್ಸಿ. ನಿಮ್ಮ ಹುಡುಗರು ಮಾಡಿದ ಎಣ್ಣೆ ಅರ್ಧ, ಡೀಸೆಲ್ ಅರ್ಧ. ಹೊಳೆನರಸೀಪುರದಿಂದ ಅರಕಲಗೂಡು, ಅಲ್ಲಿಂದ ಹಾಸನ. ಹಾಸನದಲ್ಲಿ ನಾನೂ ಹತ್ತುತೀನಿ. ಚನ್ನರಾಯಪಟ್ಟಣ ಮುಟ್ಟಿಸಿದ್ರೆ ಮೂವರನ್ನೂ ತಗೋತೀನಿ. ಮುಟ್ಟದೆ ಹೋದ್ರೆ ನೀವು ಕೇಳ್ಬಾರ್ದು."

"ಆಗಲಿ" ಎಂದು ದಿನ ಗೊತ್ತುಮಾಡಿಕೊಂಡೆ. ಒಪ್ಪಿಕೊಂಡದ್ದೇನು ಎಂಬುದು ಬಸ್ಸಿನಲ್ಲಿ ಕೂತ ಮೇಲೆ ಹೊಳೆಯಿತು. ನಾನು ಅಲ್ಲಿಯವರೆಗೆ ಹೊಂಗೆ ಎಣ್ಣೆಯನ್ನು ಮುಟ್ಟಿ ನೋಡಿರಲಿಲ್ಲ.

ವಿಷಯ ಪುಸ್ತಕದಲ್ಲಿ ಸುಲಭವಾಗಿತ್ತು. ಹೊಂಗೆ ಎಣ್ಣೆ ಮಂದ, ಹಾಗೇ ಹಾಕಿದರೆ ಇಂಜಿನ್ನಿನ ಗಂಟಲು ಕಟ್ಟುತ್ತದೆ. ಅದಕ್ಕೆ ಮೆಥನಾಲು ಮತ್ತು ಸ್ವಲ್ಪ ಕಾಸ್ಟಿಕ್ ಸೋಡಾ ಸೇರಿಸಿ, ಹದವಾದ ಬಿಸಿಯಲ್ಲಿಟ್ಟು ತಿರುವುತ್ತಿದ್ದರೆ ಎಣ್ಣೆ ಒಡೆಯುತ್ತದೆ. ಮೇಲೆ ಜೇನಿನ ಬಣ್ಣದ ತೆಳು ಇಂಧನ, ಕೆಳಗೆ ಕಪ್ಪು ಗ್ಲಿಸರಿನ್. ಇದಕ್ಕೆ ಒಂದೇ ಒಂದು ಶತ್ರು ನೀರು. ಎಣ್ಣೆಯಲ್ಲಿ ನೀರಿದ್ದರೆ ಕಾಸ್ಟಿಕ್ ಸೋಡಾ ಎಣ್ಣೆಯನ್ನು ಒಡೆಯುವುದು ಬಿಟ್ಟು ಸೋಪು ಮಾಡಿಬಿಡುತ್ತದೆ. ಆದ್ದರಿಂದ ಮೊದಲು ಎಣ್ಣೆಯನ್ನು ಚೆನ್ನಾಗಿ ಕಾಸಿ, ಇರುವ ತೇವವನ್ನೆಲ್ಲ ಓಡಿಸಬೇಕು.

ಹುಡುಗಿಯ ಊರಿನವರು ಕೂಡಿಟ್ಟಿದ್ದ ಹೊಂಗೆ ಬೀಜ ಕೊಟ್ಟರು. ಮಿಲ್ಲಿನಲ್ಲಿ ಎಣ್ಣೆ ತೆಗೆಸಿದೆವು. ಲ್ಯಾಬಿನಲ್ಲಿ ಒಂದು ಫ್ಲಾಸ್ಕಿನಷ್ಟು ಮಾಡಿ ನೋಡಿದಾಗ ಮೊದಲ ಸಲಕ್ಕೇ ಬಂದಿತು. ಮೇಲೆ ಜೇನು, ಕೆಳಗೆ ಕಪ್ಪು, ನಡುವೆ ಗೆರೆ ಎಳೆದ ಹಾಗೆ. ಅರಕಲಗೂಡಿನ ಹುಡುಗ ಕುಣಿದಾಡಿಬಿಟ್ಟ. "ಇಷ್ಟೇಯಾ ಮೇಡಂ? ಇಂಗಾದ್ರೆ ಪೆಟ್ರೋಲ್ ಬಂಕೇ ಮಡಗ್ಬೋದು!"

ಆದರೆ ಗಾಡಿಗೆ ಬೇಕಾದದ್ದು ಫ್ಲಾಸ್ಕಿನಷ್ಟಲ್ಲ. ಡ್ರಮ್ಮುಗಟ್ಟಲೆ ಮೆಥನಾಲನ್ನು ಕಾಲೇಜಿನೊಳಗೆ ತರಬೇಡಿ ಎಂದು ಪ್ರಿನ್ಸಿಪಾಲರು ಹೇಳಿದರು. ಅವರು ಹೇಳಿದ್ದು ಸರಿಯಾಗಿಯೇ ಇತ್ತು. ಹೊಳೆಯ ಕಡೆ ಒಂದು ಹಳೆಯ ಅಕ್ಕಿ ಗಿರಣಿಯ ಶೆಡ್ಡು ಖಾಲಿ ಬಿದ್ದಿತ್ತು, ಕೇಳಿ ಪಡೆದೆವು. ಬೆಂಕಿಯ ಕೆಲಸ ಕಾಲೇಜಿನ ಹಿತ್ತಿಲಿನಲ್ಲಿ, ಮೆಥನಾಲಿನ ಕೆಲಸ ಶೆಡ್ಡಿನಲ್ಲಿ ಎಂದು ಗೊತ್ತುಮಾಡಿಕೊಂಡೆವು. ಹಿತ್ತಿಲಿನ ಕಡಾಯಿಯಲ್ಲಿ ತೆಂಗಿನ ಚಿಪ್ಪಿನ ಬೆಂಕಿ ಹಾಕಿ ಎಣ್ಣೆ ಕಾಸುವುದು, ಆರಿದ ಮೇಲೆ ಡಬ್ಬಗಳಿಗೆ ಸುರಿದು ಶೆಡ್ಡಿಗೆ ಸಾಗಿಸುವುದು, ಅಲ್ಲಿ ಬಿಸಿನೀರಿನ ತೊಟ್ಟಿಯೊಳಗೆ ಮುಚ್ಚಿದ ಡ್ರಮ್ಮಿಟ್ಟು ತಿರುವುವುದು. ತಿರುವುವುದಕ್ಕೆ ಹುಡುಗರಿಬ್ಬರು ಒಂದು ಮುರುಕು ಸೈಕಲ್ಲಿನ ಪೆಡಲು, ಚೈನು ಜೋಡಿಸಿ ಸೊಗಸಾದ ಕಡೆಗೋಲು ಮಾಡಿದರು. ಕೂತು ತುಳಿದರೆ ಡ್ರಮ್ಮಿನೊಳಗೆ ರೆಕ್ಕೆ ತಿರುಗುತ್ತಿತ್ತು.

ಶೆಡ್ಡಿಗೆ ಬಾಗಿಲಿರಲಿಲ್ಲ. ಮೊದಲ ದಿನ ಬಿಟ್ಟುಹೋದ ಡಬ್ಬವೊಂದನ್ನು ಯಾರೋ ನೀರು ಹೊರಲು ಎತ್ತಿಕೊಂಡು ಹೋದರು. ಆದ್ದರಿಂದ ಹುಡುಗಿ ದಿನವೂ ಡಬ್ಬಗಳನ್ನು ಉಜ್ಜಿ, ಬಿಸಿಲಿಗೆ ಬೋರಲು ಹಾಕಿ ಖಟಖಟ ಒಣಗಿಸಿ, ಮುಚ್ಚಳ ಬಿಗಿದು, ಸಂಜೆ ನಮ್ಮ ಮನೆಯ ಹಿಂದಿನ ಜಗಲಿಯಲ್ಲಿ ಇಟ್ಟುಹೋಗುತ್ತಿದ್ದಳು. ಬೆಳಿಗ್ಗೆ ನಾನು ಕಾಲೇಜಿಗೆ ಒಯ್ಯುತ್ತಿದ್ದೆ.

ನಮ್ಮ ಮನೆ ಇದ್ದದ್ದು ದೇವಸ್ಥಾನದ ಬೀದಿಯಲ್ಲಿ. ಮನೆಯಲ್ಲಿ ಅತ್ತೆಯವರ ಮಡಿ ನಡೆಯುತ್ತಿತ್ತು. ಹೊರಗಿನಿಂದ ಬಂದ ಯಾವ ಪಾತ್ರೆಯೇ ಆಗಲಿ, ಅದಕ್ಕೆ ನೀರು ತೋರಿಸದೆ ಹೊಸ್ತಿಲು ದಾಟಿಸುವಂತಿರಲಿಲ್ಲ. ಹುಡುಗಿ ಜಗಲಿಯಲ್ಲಿ ಕೂತು ನೀರು ಕುಡಿದಿಟ್ಟ ಲೋಟಕ್ಕೂ ನೀರು ತೋರಿಸಿಯೇ ಒಳಗೆ ತರುತ್ತಿದ್ದರು. ಹಾಲಿನವನ ಲೋಟಕ್ಕೂ, ನಮ್ಮ ಪ್ರಿನ್ಸಿಪಾಲರ ಕಾಫಿ ಲೋಟಕ್ಕೂ ಅದೇ ಶಾಸ್ತ್ರ. ಈ ವಿಷಯದಲ್ಲಿ ಅವರೊಡನೆ ಜಗಳವಾಡಿ ಸಾಕಾಗಿ, ನಾನು ಬಾಯಿ ಮುಚ್ಚಿಕೊಂಡು ವರ್ಷಗಳೇ ಆಗಿದ್ದವು.

ಶೆಡ್ಡಿನಲ್ಲಿ ಮೊದಲ ಡ್ರಮ್ಮು ಮಾಡಿದ ದಿನ ಮುಚ್ಚಳ ತೆಗೆದು ನೋಡಿದರೆ ಒಳಗೆ ಗೆರೆಯೂ ಇಲ್ಲ, ಜೇನೂ ಇಲ್ಲ. ಬೆಲ್ಲದ ಪಾಕ ಕೆಟ್ಟಂತೆ ಕಂದು ಬಣ್ಣದ ಮುದ್ದೆ. ಕೈಹಾಕಿದರೆ ಜಾರುತ್ತಿತ್ತು, ನೀರು ಬಿಟ್ಟರೆ ನೊರೆ. ಅಪ್ಪಟ ಸೋಪು.

"ಕಾಸ್ಟಿಕ್ ಹೆಚ್ಚಾಗಿರಬೇಕು" ಎಂದೆ. ಅಳತೆ ಮತ್ತೆ ಮಾಡಿದೆವು. ಎಣ್ಣೆಯ ಹುಳಿ ಎಷ್ಟಿದೆ ಎಂದು ನೋಡಲು ಬ್ಯೂರೆಟ್ಟು ಹಿಡಿದು ಹನಿಹನಿ ಬಿಟ್ಟೆವು, ತೆಳುಗುಲಾಬಿ ಬಣ್ಣ ಬಂದಲ್ಲಿಗೆ ನಿಲ್ಲಿಸಿದೆವು. ಲೆಕ್ಕವೇನೋ ಸರಿಯಿತ್ತು. ಎರಡನೆಯ ಡ್ರಮ್ಮು. ಸೋಪು. ಸೋಡಾ ಹಳೆಯದಿರಬಹುದೆಂದು ಹೊಸದು ತರಿಸಿದೆ, ಮೆಥನಾಲು ಬದಲಿಸಿದೆ, ಚನ್ನರಾಯಪಟ್ಟಣದವನನ್ನು ಎಬ್ಬಿಸಿ ಅರಕಲಗೂಡಿನವನನ್ನು ಪೆಡಲಿಗೆ ಕೂರಿಸಿದೆ. ಮೂರನೆಯದೂ ಸೋಪು.

ನಮಗೆ ಗಾಡಿ ಕೊಡಲು ಒಪ್ಪಿದ್ದವನು ಅರಕಲಗೂಡು ದಾರಿಯಲ್ಲಿ ವ್ಯಾನು ಓಡಿಸುವ ಒಬ್ಬ ಮಾಲೀಕ, ಅರಕಲಗೂಡಿನ ಹುಡುಗನಿಗೆ ಸೋದರಮಾವ. ದಿನವೂ ಟ್ರಿಪ್ಪಿನ ನಡುವೆ ಬಂದು ಇಣುಕಿ ಹೋಗುತ್ತಿದ್ದ. "ಎಣ್ಣೆ ಆಯ್ತಾ ಮೇಡಮ್ಮೋರೆ? ಆಗ್ದಿದ್ರೆ ಓಗ್ಲಿ, ಗಾಡಿ ತೊಳ್ಯಕೆ ಒಂದ್ ಬಕೀಟ್ ಕೊಡಿ. ಒಳ್ಳೆ ನೊರೆ ಬತ್ತದೆ ಕಣ್ರೀ!"

ಹುಡುಗರು ನಕ್ಕರು. ನನಗೆ ನಗು ಬರಲಿಲ್ಲ. ಕೊಟ್ಟ ಬೀಜ ಕರಗುತ್ತಿತ್ತು, ಮ್ಯಾನೇಜರಿಗೆ ಹೇಳಿದ ದಿನ ಹತ್ತಿರವಾಗುತ್ತಿತ್ತು. ಆ ಸಂಜೆ ಚನ್ನರಾಯಪಟ್ಟಣದ ಹುಡುಗ ಮೆಲ್ಲಗೆ ಬಂದು, ಅವನಿಗೂ ಗೆಳೆಯನಿಗೂ ಅರಕಲಗೂಡಿನ ಒಂದು ಟ್ರ್ಯಾಕ್ಟರ್ ಗ್ಯಾರೇಜಿನಲ್ಲಿ ಜಾಗ ಸಿಕ್ಕಿದೆ ಎಂದ. "ಓಗ್ಲಾ ಮೇಡಂ?" ಎಂದು ಕೇಳುವಾಗ ಅವನ ಕಣ್ಣು ಹುಡುಗಿಯ ಕಡೆಗಿತ್ತು.

ಹೋಗಬೇಡ ಎನ್ನಲು ನನಗೆ ಯಾವ ಹಕ್ಕಿತ್ತು? "ಇನ್ನೊಂದು ಡ್ರಮ್ಮು ನೋಡೋಣ ಕಣೋ. ಅದೂ ಸೋಪಾದರೆ ಹೊರಡಿ" ಎಂದೆ. ನಿಜ ಹೇಳುತ್ತೇನೆ, ಆ ಹೊತ್ತಿಗೆ ನನಗೇ ಅಳು ಬರುವಂತಾಗಿತ್ತು. ಎಣ್ಣೆ ಬಂದಾಗ ಕಣ್ಣು ಮುಚ್ಚಿಕೊಂಡರು ಅಂತಾರಲ್ಲ, ನಾವು ಕಣ್ಣು ಬಿಟ್ಟುಕೊಂಡೇ ಇದ್ದೆವು. ಆದರೂ ಎಣ್ಣೆ ಬರುತ್ತಿರಲಿಲ್ಲ.

ಮರುದಿನ ಕಡಾಯಿ ಇಳಿಸಿ, ಎಣ್ಣೆ ಆರಿ, ಡಬ್ಬಗಳಿಗೆ ಸುರಿದಾಗಿತ್ತು. ನಾನು ಎಂದಿನಂತೆ ಕಡಾಯಿಯಲ್ಲಿ ಉಳಿದ ಎಣ್ಣೆಯಿಂದ ಒಂದಿಷ್ಟು ಪರೀಕ್ಷೆಗೆ ತೆಗೆದುಕೊಂಡೆ. ಹುಡುಗಿ ಡಬ್ಬದ ಮೇಲೆ ಕೈಯಿಟ್ಟು ನಿಂತಿದ್ದವಳು, "ಮೇಡಂ, ಯಾವಾಗ್ಲೂ ಕಡಾಯಿ ಎಣ್ಣೇನೇ ನೋಡ್ತೀವಿ. ಡ್ರಮ್ಮಿಗೋಗದು ಡಬ್ಬದೆಣ್ಣೆ ಅಲ್ವಾ?" ಎಂದಳು.

"ಎರಡೂ ಒಂದೇ ಅಲ್ವೇನೆ?"

"ಒಂದೇ ಆಗಿದ್ರೆ ಫ್ಲಾಸ್ಕಲ್ಲಿ ಬಂದಿದ್ದು ಡ್ರಮ್ಮಲ್ಲೂ ಬರ್ಬೇಕಿತ್ತಲ್ಲ. ಲ್ಯಾಬಲ್ಲಿ ಮಾಡ್ದಾಗ ಡಬ್ಬ ಇರ್ನಿಲ್ಲ."

ನಾನು ಅವಳ ಮುಖವನ್ನೇ ನೋಡಿದೆ. ಇಷ್ಟು ದಿನ ಸೋಡಾ ಬದಲಿಸಿದ್ದೆ, ಮೆಥನಾಲು ಬದಲಿಸಿದ್ದೆ, ಪೆಡಲು ತುಳಿಯುವವನನ್ನೂ ಬದಲಿಸಿದ್ದೆ. ಎಣ್ಣೆ ನಡೆದು ಬಂದ ದಾರಿಯನ್ನು ಮಾತ್ರ ಹಿಂದಿರುಗಿ ನೋಡಿರಲಿಲ್ಲ. ಆ ಕ್ಷಣ ನಿರ್ಧರಿಸಿದೆ, ಈ ಡಬ್ಬಗಳನ್ನು ಪರೀಕ್ಷಿಸದೆ ಶೆಡ್ಡಿಗೆ ಕಳಿಸುವುದಿಲ್ಲ ಎಂದು. ಕ್ಯಾಂಟೀನಿನಿಂದ ಎರಡು ಒಗ್ಗರಣೆ ಸೌಟು ತರಿಸಿದೆ. ಒಂದಕ್ಕೆ ಕಡಾಯಿಯ ಎಣ್ಣೆ ಹಾಕಿ ಬೆಂಕಿಯ ಮೇಲೆ ಹಿಡಿದೆವು. ಎಣ್ಣೆ ಕಾದು ಹೊಗೆಯಾಡಿತು, ಸದ್ದಿಲ್ಲ. ಇನ್ನೊಂದಕ್ಕೆ ಡಬ್ಬವನ್ನು ಬಗ್ಗಿಸಿ ತಳದ ಎಣ್ಣೆ ಹಾಕಿದೆವು. ಬಿಸಿಯಾಗುತ್ತಿದ್ದ ಹಾಗೆಯೇ ಚಟಚಟ ಸಿಡಿಯತೊಡಗಿತು, ಸಾಸಿವೆ ಹಾಕಿದಂತೆ. ಅರಕಲಗೂಡಿನವನು ಕೈ ಸುಟ್ಟುಕೊಂಡು "ಅಯ್ಯಯ್ಯಪ್ಪಾ" ಎಂದು ಹಿಂದಕ್ಕೆ ಹಾರಿದ.

"ನೀರು!" ಎಂದು ನಾವೆಲ್ಲ ಒಟ್ಟಿಗೇ ಕೂಗಿದೆವು.

"ನಾ ಒಣಗ್ಸಿದ್ದೆ ಮೇಡಂ" ಎಂದಳು ಹುಡುಗಿ. "ನಮ್ಮವ್ವನಾಣೆ, ಒಂದ್ ತೊಟ್ಟೂ ಇರ್ನಿಲ್ಲ. ನಾನೇ ಮುಚ್ಚಿದ್ದು."

ಅವಳು ಒಣಗಿಸಿದ್ದನ್ನು ನಾನೂ ನೋಡಿದ್ದೆ. ಹಾಗಾದರೆ ಅವಳು ಮುಚ್ಚಳ ಬಿಗಿದ ಮೇಲೆ, ನಾನು ಕಾಲೇಜಿಗೆ ತರುವ ಮೊದಲು, ಡಬ್ಬಗಳು ಇದ್ದದ್ದು ಎಲ್ಲಿ? ನನಗೆ ಹೊಳೆದ ತಕ್ಷಣ ಚಪ್ಪಲಿ ಮೆಟ್ಟಿಕೊಂಡು ಸೀದಾ ಮನೆಗೆ ನಡೆದೆ.

ಅತ್ತೆ ನಡುಮನೆಯಲ್ಲಿ ಕೂತು ಹೂಬತ್ತಿ ಹೊಸೆಯುತ್ತಿದ್ದರು.

"ಅಮ್ಮಾ, ಹಿಂದಿನ ಜಗಲಿ ಡಬ್ಬಗಳನ್ನ ನೀವೇನಾದರೂ ಮುಟ್ಟಿದಿರಾ?"

"ಮುಟ್ಟದೆ ಏನು? ದಿನಾ ಬೆಳಿಗ್ಗೆ ನೀರು ತೋರಿಸ್ತೀನಿ. ಎಲ್ಲೆಲ್ಲಿ ಉರುಳಾಡಿ ಬಂದಿರುತ್ತೋ ಏನೋ. ಹಿಂದಿನ ಜಗಲಿಯೂ ಮನೆಯೊಳಗೇ ತಾನೆ, ಹಾಗೇ ಇಟ್ಕೊಳ್ಳಕ್ಕಾಗತ್ತಾ?"

"ಹೊರಗಡೆ ಮಾತ್ರಾನಾ?"

"ಒಳಗೂ ಹೊರಗೂ. ಅರ್ಧಂಬರ್ಧ ಮಡಿ ನನಗೆ ಬರಲ್ಲ. ಒಂದು ಚೊಂಬು ಹಾಕಿ, ಅಲ್ಲಾಡಿಸಿ ಚೆಲ್ಲಿ, ಮುಚ್ಚಳ ಹಾಕಿ, ಇದ್ದ ಜಾಗದಲ್ಲೇ ಇಟ್ಟಿದೀನಿ. ಏನೀಗ, ಕಳೆದುಹೋಯ್ತಾ?"

ನಾನು ಅಲ್ಲೇ ಕಂಬಕ್ಕೊರಗಿ ಕೂತುಬಿಟ್ಟೆ. ಸಣ್ಣ ಬಾಯಿಯ ಡಬ್ಬ. ಎಷ್ಟು ಚೆಲ್ಲಿದರೂ ತಳದಲ್ಲಿ ಒಂದು ಬೊಗಸೆ ನೀರು ಉಳಿಯುತ್ತದೆ. ಕಾಸಿ ಕಾಸಿ ತೇವ ಓಡಿಸಿದ ಎಣ್ಣೆಯನ್ನು ನಾವು ದಿನವೂ ಆ ಮಡಿನೀರಿನ ಮೇಲೆ ಸುರಿಯುತ್ತಿದ್ದೆವು. ಮೊದಲು ಸಿಟ್ಟು ಬಂತು, ಕೂಗಾಡಿದೆ. "ಮೂರು ಡ್ರಮ್ಮು ಅಮ್ಮಾ! ಮೂರು ಡ್ರಮ್ಮು ಸೋಪು ಮಾಡಿಸಿದಿರಲ್ಲ!" ಅತ್ತೆ ಬತ್ತಿ ಕೆಳಗಿಟ್ಟು, "ನೀರು ಹಾಕಿದ್ರೆ ಕೆಡೋ ವಸ್ತು ಅದೆಂಥದ್ದೇ? ನೀರಲ್ಲಿ ಶುದ್ಧವಾಗದ್ದು ಪ್ರಪಂಚದಲ್ಲಿ ಇದೆಯಾ?" ಎಂದು ನನಗೇ ಗದರಿದರು. ಅದಕ್ಕೆ ನನಗೆ ನಗು ಬಂದುಬಿಟ್ಟಿತು. ಎಷ್ಟು ನಕ್ಕೆನೆಂದರೆ ಪಕ್ಕದ ಮನೆಯವರು ಇಣುಕಿದರು.

ಆಮೇಲೆ ಕೂತು ಬಿಡಿಸಿ ಹೇಳಿದೆ. ಹುಡುಗಿಗೆ ಯಾವ ಗ್ಯಾರೇಜಿನವರೂ ಜಾಗ ಕೊಡಲಿಲ್ಲ ಎಂಬುದು, ಈ ಎಣ್ಣೆ ಆಗದಿದ್ದರೆ ಅವಳ ಓದು ಇಲ್ಲಿಗೇ ನಿಲ್ಲುತ್ತದೆ ಎಂಬುದು, ಎಲ್ಲವನ್ನೂ. ಅತ್ತೆ ಬತ್ತಿ ಹೊಸೆಯುತ್ತಲೇ ಕೇಳಿದರು. ಕೈಯಲ್ಲಿದ್ದ ಬತ್ತಿ ಮುಗಿಸಿ, "ಬೀದಿ ಕಡೆ ಜಗಲಿಲಿ ಇಡೋಕೆ ಹೇಳು. ಹೊಸ್ತಿಲಾಚೆ ಇದ್ರೆ ನಾನು ಮುಟ್ಟಲ್ಲ" ಎಂದರು.

ಹುಡುಗಿಗೆ ಹೇಳುವಾಗ ನನಗೆ ಒಂಥರಾ ಮುಜುಗರ. ಅವಳು ಹೊಟ್ಟೆ ಹಿಡಿದುಕೊಂಡು ನಕ್ಕಳು. "ಅಜ್ಜಿ ತೊಳ್ದಿದ್ದಾ? ನಮ್ಮವ್ವನೂ ಅಂಗೇ ಕಣ್ ಮೇಡಂ. ತೊಳ್ದಿರ ಗಡ್ಗೇನೇ ಇನ್ನೊಂದ್ಸಲ ತೊಳೀತಳೆ."

ನಾಲ್ಕನೆಯ ಡ್ರಮ್ಮಿಗೆ ಡಬ್ಬಗಳನ್ನು ಬೆಂಕಿಯ ಶಾಖಕ್ಕೆ ಹಿಡಿದು ಒಣಗಿಸಿ, ಒಣಬಟ್ಟೆ ತುರುಕಿ ಒರೆಸಿ, ಸುರಿದ ಮೇಲೆ ಪ್ರತಿಯೊಂದರ ತಳದ ಎಣ್ಣೆಯನ್ನೂ ಸೌಟಿನಲ್ಲಿ ಕಾಸಿ ನೋಡಿದೆವು. ಒಂದೂ ಸಿಡಿಯಲಿಲ್ಲ. ಶೆಡ್ಡಿನಲ್ಲಿ ಸರದಿಯ ಮೇಲೆ ಪೆಡಲು ತುಳಿದು, ಇಳಿಸಿ, ತಣ್ಣಗಾಗಲು ಬಿಟ್ಟು ಸುತ್ತ ಕೂತೆವು. ತಳದ ನಲ್ಲಿ ತಿರುಗಿಸಿದಾಗ ಮೊದಲು ಕಪ್ಪು ಗ್ಲಿಸರಿನ್ ಸುರಿಯಿತು. ಅದು ನಿಂತು, ಹಿಂದೆಯೇ ಜೇನು ಬಣ್ಣ ಬಂತು. ಚನ್ನರಾಯಪಟ್ಟಣದ ಹುಡುಗ ಬೊಗಸೆಯಲ್ಲಿ ಹಿಡಿದು ಮೂಸಿ ನೋಡಿ, "ಗ್ಯಾರೇಜಿಗೆ ಇಬ್ರೂ ಓಗಲ್ಲ ಅಂತ ಫೋನ್ ಮಾಡ್ಬುಟ್ಟು ಬತ್ತೀನಿ ಮೇಡಂ" ಎಂದು ಸೈಕಲ್ ಹತ್ತಿದ.

ಒಂದು ಕೆಲಸ ಬಾಕಿಯಿತ್ತು. ಇಂಧನದಲ್ಲಿ ಉಳಿದ ಸೋಡಾ ಹೋಗಬೇಕಾದರೆ ಅದನ್ನು ನೀರಿನಿಂದ ತೊಳೆಯಬೇಕು. ಎಣ್ಣೆ ಒಡೆಯುವ ತನಕ ಶತ್ರುವಾದ ನೀರು, ಒಡೆದ ಮೇಲೆ ಬೇಕೇ ಬೇಕು. ತೊಳೆದು, ನೀರು ಇಳಿಸಿ, ಮತ್ತೆ ಕಾಸಿ ಒಣಗಿಸಿದೆವು. ಇದನ್ನು ಮನೆಯಲ್ಲಿ ಹೇಳಿದ್ದೇ ತಪ್ಪಾಯಿತು. "ನೋಡಿದ್ಯಾ, ಕೊನೆಗೆ ನೀರಲ್ಲೇ ತೊಳೀಬೇಕಾಯ್ತು ತಾನೆ" ಎಂದು ಅತ್ತೆ ಬೀದಿಯವರಿಗೆಲ್ಲ ಹೇಳಿಕೊಂಡು ಬಂದರು.

ವ್ಯಾನಿಗೆ ಮೊದಲು ಸ್ವಲ್ಪ ಸ್ವಲ್ಪ ಬೆರೆಸಿ ಕೆಲವು ದಿನ ಓಡಿಸಿ ನೋಡಿದೆವು. ಹೊಗೆ ತೆಳುವಾಯಿತು. ಹಿಂದೆ ನಿಂತರೆ ಹಳೆಯ ದೀಪದೆಣ್ಣೆಯ ವಾಸನೆ. ಮಾಲೀಕನಿಗೆ ಖುಷಿಯೋ ಖುಷಿ. ಹುಡುಗಿ ಮಾತ್ರ ಅವನ ಬೆನ್ನು ಬಿಡಲಿಲ್ಲ. "ಫಿಲ್ಟರ್ ಬದಲಾಯ್ಸಣ ಅಣ್ಣ. ಈ ಎಣ್ಣೆ ಟ್ಯಾಂಕಲ್ಲಿರ ಹಳೇ ಕೊಳೆನೆಲ್ಲಾ ಕೀಳ್ತದಂತೆ."

"ಓಗಮ್ಮಿ ಅತ್ಲಾಗೆ. ಚೆನ್ನಾಗಿ ಓಡ ಗಾಡಿ ಹೊಟ್ಟೆ ಯಾಕ್ ಕುಯ್ಯಾದು?" ಎಂದು ಅವನು ಒಪ್ಪಲೇ ಇಲ್ಲ. ಅವಳು ವಾದ ಮಾಡಲಿಲ್ಲ. ಹೊಸ ಫಿಲ್ಟರೊಂದನ್ನು ಕಾಲೇಜಿನ ವರ್ಕ್‌ಶಾಪಿನಿಂದ ಕೇಳಿ ತಂದು, ಎರಡು ಸ್ಪ್ಯಾನರು, ಒಂದು ಬಾಟಲಿ ಡೀಸೆಲ್ಲಿನ ಜೊತೆ ಚೀಲದಲ್ಲಿಟ್ಟುಕೊಂಡಳು.

ಹೇಳಿದ ದಿನ ಬೆಳಿಗ್ಗೆ ಅರ್ಧಕ್ಕರ್ಧ ಬೆರೆಸಿ ಟ್ಯಾಂಕ್ ತುಂಬಿದೆವು. ಮಾಲೀಕ ಚಕ್ರದ ಕೆಳಗೆ ನಿಂಬೆಹಣ್ಣಿಟ್ಟ. ಹೊಳೆನರಸೀಪುರದಿಂದ ಅರಕಲಗೂಡಿಗೆ ಎಂದಿನ ಪ್ರಯಾಣಿಕರೇ ಹತ್ತಿದರು, ಅವರಿಗೆ ನಾವೇನೂ ಹೇಳಲಿಲ್ಲ. ಅರಕಲಗೂಡಿನಲ್ಲಿ ಶುಂಠಿ ಮೂಟೆ ಹಾಕಿಕೊಂಡು ಒಬ್ಬರು ಹತ್ತಿದರು. ಹಾಸನದ ತನಕ ಗಾಡಿ ನೀರು ಕುಡಿದಷ್ಟು ಸಲೀಸಾಗಿ ಬಂತು. ಹಾಸನದಲ್ಲಿ ಮ್ಯಾನೇಜರು ಇಸ್ತ್ರಿ ಮಾಡಿದ ಅಂಗಿಯಲ್ಲಿ ಬಂದು ಮುಂದಿನ ಸೀಟಿನಲ್ಲಿ ಕೂತು, ಕಿಟಕಿಯಿಂದ ತಲೆ ಹೊರಹಾಕಿ ಹೊಗೆ ನೋಡಿದರು. ತಲೆದೂಗಿದರು. ನಾನು ಗೆದ್ದೆ ಎಂದುಕೊಂಡೆ.

ಶಾಂತಿಗ್ರಾಮ ದಾಟಿದ ಮೇಲೆ ವ್ಯಾನು ಒಮ್ಮೆ ಕೆಮ್ಮಿತು. ಮತ್ತೆ ಕೆಮ್ಮಿತು. ಏರಿನಲ್ಲಿ ಉಸಿರು ಸಾಲದೆ, ರಸ್ತೆಯ ಬದಿಗೆ ಬಂದು ನಿಂತೇಬಿಟ್ಟಿತು. ಬೆಣ್ಣೆ ಬರುವ ಹೊತ್ತಿಗೆ ಗಡಿಗೆ ಒಡೆದಿತ್ತು.

"ಅಂದ್ಕಂಡೆ ಕಣ!" ಎಂದು ಮಾಲೀಕ ಸ್ಟಿಯರಿಂಗಿಗೆ ಗುದ್ದಿದ. "ನಿಮ್ ಸೋಪು ನನ್ ಇಂಜಿನ್ ಒಳಿಕ್ಕೂ ಬಂದ್ಬುಡ್ತು ಮೇಡಂ!" ಹಿಂದಿನ ಸೀಟಿನವರೆಲ್ಲ ಏನಾಯಿತು ಏನಾಯಿತು ಎಂದು ಇಳಿದರು. ಮ್ಯಾನೇಜರು ಗಡಿಯಾರ ನೋಡಿಕೊಂಡರು. ಹುಡುಗರಿಬ್ಬರು ಧುಮುಕಿ ಇಂಜಿನ್ನಿನ ಕಡೆಗೆ ಓಡಿದರು.

"ನಿಲ್ಲಿ" ಎಂದೆ. "ಅವಳು ಬಿಚ್ಚಲಿ."

"ಹುಡುಗರು ಬೇಗ ಮಾಡ್ತಾರೆ ಬಿಡಿ ಮೇಡಂ" ಎಂದರು ಮ್ಯಾನೇಜರು.

"ಬೇಗ ಮಾಡೋದನ್ನ ಆಮೇಲೆ ನೋಡಬಹುದು ಸಾರ್. ಈಗ ಇವಳು ಮಾಡೋದನ್ನ ನೋಡಿ."

ನನ್ನ ಬಾಯಿ ಜೋರು ಎಂದೆನಲ್ಲ, ಅದು ಅವತ್ತು ಉಪಯೋಗಕ್ಕೆ ಬಂತು. ಆದರೆ ಒಂದು ಮಾತು ನನಗೆ ಗೊತ್ತಿತ್ತು. ಕೈತಪ್ಪಿದರೆ ಹೋಗುವುದು ನನ್ನ ಮರ್ಯಾದೆಯಲ್ಲ, ಅವಳ ವರ್ಷ. ಹುಡುಗಿ ನನ್ನನ್ನೊಮ್ಮೆ ನೋಡಿ, ದುಪಟ್ಟಾವನ್ನು ಸೊಂಟಕ್ಕೆ ಬಿಗಿದು, ಚೀಲ ಬಿಚ್ಚಿದಳು. ಫಿಲ್ಟರಿನ ಬೋಲ್ಟು ಸಡಿಲಿಸಿ ಹಳೆಯದನ್ನು ಹೊರತೆಗೆದು, ಮಾಲೀಕನ ಕೈಗೇ ಕೊಟ್ಟಳು.

"ನೋಡಣ್ಣ, ಸೋಪಾ ಇದು? ಬೆರಳಲ್ಲಿ ಉಜ್ಜಿ ನೋಡು."

ಟಾರಿನಂಥ ಕರೀ ಕೆಸರು. ವರ್ಷಗಳಿಂದ ಡೀಸೆಲ್ಲು ಟ್ಯಾಂಕಿನ ತಳದಲ್ಲಿ ಬಿಟ್ಟುಹೋದ ಹೊಲಸು. ನಮ್ಮ ಎಣ್ಣೆ ಅದನ್ನು ಕಿತ್ತು ತಂದು ಫಿಲ್ಟರಿನಲ್ಲಿ ತುಂಬಿತ್ತು. ಮಾಲೀಕ ಉಜ್ಜಿ ನೋಡಿ, ಮೂಸಿ ನೋಡಿ, "ಥೂ, ಇದು ನಂದೇಯಾ" ಎಂದ.

ಅವಳು ಹೊಸ ಫಿಲ್ಟರಿಗೆ ಶುದ್ಧ ಡೀಸೆಲ್ ತುಂಬಿ ಕೂರಿಸಿದಳು. ಪೈಪಿನೊಳಗೆ ಗಾಳಿ ಸಿಕ್ಕಿಕೊಂಡರೆ ಡೀಸೆಲ್ ಇಂಜಿನ್ ಸ್ಟಾರ್ಟ್ ಆಗುವುದಿಲ್ಲ, ಆ ಗಾಳಿಯನ್ನು ಹೊರಗೆ ಬಿಡಬೇಕು. ಮೇಲಿನ ಸಣ್ಣ ಸ್ಕ್ರೂ ಸಡಿಲಿಸಿ, ಕೈಪಂಪು ಒತ್ತತೊಡಗಿದಳು. ಗುಳ್ಳೆ ಗುಳ್ಳೆಯಾಗಿ ಎಣ್ಣೆ ಬಂತು. ಒತ್ತಿದಳು. ಗುಳ್ಳೆ ಕಡಿಮೆಯಾಯಿತು. ಅರಕಲಗೂಡಿನವನು "ಸಾಕು ಟೈಟ್ ಮಾಡಮ್ಮಿ" ಎಂದ. "ಇನ್ನೂ ಐತೆ ಕಣ್ಲಾ" ಎಂದು ಅವಳು ನಿಲ್ಲಿಸಲಿಲ್ಲ. ಕೊನೆಗೆ ಗುಳ್ಳೆಯಿಲ್ಲದ ಎಣ್ಣೆ ಎಳೆಯಾಗಿ ಬಂದಾಗ ಸ್ಕ್ರೂ ಬಿಗಿದಳು. ಪಂಪಿನ ಸ್ಕ್ರೂವಿನಲ್ಲೂ ಹಾಗೆಯೇ ಮಾಡಿದಳು. ಕನ್ನಡಕ ತೆಗೆದು ಕೈಯಲ್ಲಿ ಹಿಡಿದಿದ್ದ ಮ್ಯಾನೇಜರು ಬಗ್ಗಿ ನೋಡುತ್ತಿದ್ದರು. ಇಸ್ತ್ರಿ ಅಂಗಿಯ ತೋಳಿಗೆ ಎಣ್ಣೆ ಮೆತ್ತಿದ್ದು ಅವರಿಗೆ ಗೊತ್ತಾಗಲಿಲ್ಲ.

"ಸ್ಟಾರ್ಟ್ ಒಡಿ ಅಣ್ಣ."

ವ್ಯಾನು ಎರಡು ಸಲ ತಿಣುಕಿ, ಮೂರನೆಯದಕ್ಕೆ ಹಿಡಿದುಕೊಂಡಿತು. ಶುಂಠಿಯವರು ಚಪ್ಪಾಳೆ ತಟ್ಟಿಬಿಟ್ಟರು. ನನಗೆ ಕಣ್ಣಲ್ಲಿ ನೀರು ಬಂತು. ಇಲ್ಲ ಎಂದರೆ ಸುಳ್ಳಾಗುತ್ತದೆ.

ಚನ್ನರಾಯಪಟ್ಟಣದಲ್ಲಿ ಇಳಿದು ಕಾಫಿ ಕುಡಿಯುವಾಗ ಮ್ಯಾನೇಜರು ಹುಡುಗಿಯನ್ನು ಕರೆದು, "ಫಿಲ್ಟರ್ ಕಟ್ಟುತ್ತೆ ಅಂತ ಮೊದಲೇ ಗೊತ್ತಿತ್ತಾ?" ಎಂದು ಕೇಳಿದರು.

"ಕಟ್ಬೋದು ಅಂತ ಗೊತ್ತಿತ್ತು ಸಾ. ಎಲ್ಲಿ ಕಟ್ತದ್ಯೋ ಗೊತ್ತಿರ್ನಿಲ್ಲ."

ಅವರು ನನ್ನ ಕಡೆ ತಿರುಗಿದರು. "ಸೋಮವಾರ ಬೆಳಿಗ್ಗೆ ಕಳ್ಸಿ. ಮೂವರೂ. ಒಂದೇ ತೊಂದ್ರೆ ಅಂದ್ರೆ, ನಮ್ಮಲ್ಲಿ ಲೇಡೀಸ್ ರೂಮ್ ಇಲ್ಲ."

"ಸೋಮವಾರದೊಳಗೆ ಮಾಡಿಸಿ" ಎಂದೆ. ಮಾಡಿಸಿದರು. ಸ್ಟೋರಿನ ಮೂಲೆಗೆ ಹಲಗೆ ಅಡ್ಡ ಹೊಡೆಸಿದ್ದು, ಆದರೂ ಬಾಗಿಲಿಗೆ ಚಿಲಕವಿತ್ತು.

ಸೋಮವಾರ ಹುಡುಗಿ ಹರದನಹಳ್ಳಿಯಿಂದ ಮೊದಲ ಬಸ್ಸಿಗೆ ಬಂದು, ಹಾಸನದ ಬಸ್ಸು ಹಿಡಿಯುವ ಮೊದಲು ನನಗೆ ಹೇಳಿಹೋಗಲು ನಮ್ಮ ಮನೆಯ ಮುಂದೆ ನಿಂತಳು. ನಾನು ಬಾಗಿಲು ತೆರೆಯುವಷ್ಟರಲ್ಲಿ ಅತ್ತೆ ನನ್ನ ಹಿಂದೆಯೇ ಬಂದರು. ಸ್ನಾನವಾಗಿತ್ತು, ಒದ್ದೆ ಕೂದಲು ಗಂಟು ಹಾಕಿದ್ದರು. ಕೈಯಲ್ಲಿ ಅಡುಗೆಮನೆಯ ಸ್ಟೀಲಿನ ಡಬ್ಬಿ.

"ಇಷ್ಟು ಬೆಳಿಗ್ಗೆ ಹೊರಟವಳು ಮಧ್ಯಾಹ್ನಕ್ಕೆ ಏನು ತಿಂತೀಯೆ? ತಗೋ, ಚಿತ್ರಾನ್ನ. ಒಣಬಟ್ಟೇಲಿ ಒರೆಸಿ ಹಾಕಿದೀನಿ. ಒಂದು ಹನಿ ನೀರಿಲ್ಲ."

ಹುಡುಗಿ ಡಬ್ಬಿ ಹಿಡಿದುಕೊಂಡು ನಕ್ಕಳು, ಅತ್ತೆಯೂ ನಕ್ಕರು. ಅವಳು ಓಡಿಹೋಗಿ ಬಸ್ಸು ಹಿಡಿದಳು.

ಸಂಜೆ ಅವಳು ವಾಪಸು ಬಂದಾಗ ಉಗುರುಗಳಲ್ಲಿ ಗ್ರೀಸಿತ್ತು. ಮೊದಲ ದಿನವೇ ಒಂದು ಪಂಪು ಬಿಚ್ಚಿಸಿದರಂತೆ. ಅದನ್ನು ಹೇಳುತ್ತಾ ಹೇಳುತ್ತಾ, ಕಾರ್ಖಾನೆಯ ನಲ್ಲಿಯಲ್ಲಿ ತೊಳೆದ ಡಬ್ಬಿಯನ್ನು ತೆಗೆದು ಎಂದಿನಂತೆ ಜಗಲಿಯ ಮೇಲಿಟ್ಟಳು. ನಾನು ಅಭ್ಯಾಸಬಲದಿಂದ ಚೊಂಬು ನೀರು ತರಲು ಒಳಗೆ ತಿರುಗಿದೆ.

"ಇರ್ಲಿ ಬಿಡೇ" ಎಂದರು ಅತ್ತೆ. ಜಗಲಿಗೆ ಬಂದು, ಡಬ್ಬಿಯನ್ನು ಕೈಯಲ್ಲಿ ಎತ್ತಿಕೊಂಡು, ಸೆರಗಿನಿಂದ ಒಮ್ಮೆ ಒರೆಸಿದರು. ಹಾಗೆಯೇ ಹೊಸ್ತಿಲು ದಾಟಿಸಿ ಅಡುಗೆಮನೆಗೆ ತೆಗೆದುಕೊಂಡು ಹೋದರು.